ಕೇಸ್‌ಶೀಟಿನಲ್ಲಿ ಇಲ್ಲದ ಫೋನು

೨೮ ಜನವರಿ ೨೦೨೫, ಮಂಗಳವಾರ. ಸೊರಬ

ವಾರಕ್ಕೊಮ್ಮೆ, ಮಂಗಳವಾರ, ಇಲ್ಲಿ ನನ್ನ ಕ್ಲಿನಿಕ್ಕು. ಇಂದು ನಲವತ್ತೊಂದು ಮಂದಿ. ಒಬ್ಬರಿಗೆ ಸರಾಸರಿ ಏಳು ನಿಮಿಷ. ಹೊರಗಿನ ಬೋರ್ಡಿನಲ್ಲಿ ಈಗಲೂ ‘ನರ, ನಿದ್ರೆ, ತಲೆನೋವು’ ಎಂದೇ ಇದೆ. ‘ಮಾನಸಿಕ’ ಎಂದು ಬರೆಸಿದ್ದ ವರ್ಷ ದಿನಕ್ಕೆ ನಾಲ್ಕು ಜನ ಬರುತ್ತಿದ್ದರು. ಅವರಲ್ಲಿ ಇಬ್ಬರು ಔಷಧ ಕಂಪನಿಯವರು.

ಮೂವತ್ತೆಂಟನೆಯವರು ನಾಗವೇಣಮ್ಮ. ತೀರಿಹೋದ ರಮ್ಯಳ ತಾಯಿ. ಮಗಳು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅವರು — ನಿದ್ರೆ ಇಲ್ಲ, ಊಟ ಸೇರುವುದಿಲ್ಲ. ಕೂತ ತಕ್ಷಣ ಅದೇ ಮಾತು.

“ನಿಮ್ದೇನೂ ತಪ್ಪಿಲ್ರೀ ಡಾಕ್ಟ್ರೇ. ಮಾತ್ರೆ ನಿಲ್ಸಿದ್ದು ನಾನು. ನಿಮ್ಮನ್ನ ಕಾಡಿದ್ದೂ ನಾನೇ.”

ಅಪ್ಪನ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಹಿಡಿಯುತ್ತ ಬೆಳೆದ ಬಾಯಿ ನನ್ನದು. ಅದರಿಂದ ಹೊರಟದ್ದು ಇಷ್ಟೇ: “ಮುಂದಿನ ಮಂಗಳವಾರ ಬನ್ನಿ.”

ಬರುತ್ತಾರೆ ಕೂಡ. ಅದೇ ಕಷ್ಟ.

೨ ಫೆಬ್ರವರಿ, ಭಾನುವಾರ. ಶಿಕಾರಿಪುರ, ಬೆಳಿಗ್ಗೆ ೧೧

ಸದಾಶಿವಪ್ಪ ಸರ್ ಅವರ ಆನ್‌ಲೈನ್ ಕಾವ್ಯಕೂಟ. ಪಿ.ಜಿ.ಯಲ್ಲಿ ನನಗೆ ಪಾಠ ಹೇಳಿದವರು, ಈಗ ನಿವೃತ್ತರು. ಹದಿನಾಲ್ಕು ಮನೋವೈದ್ಯರು, ಪರದೆಯ ಮೇಲೆ ಹದಿನಾಲ್ಕು ಚೌಕ. ಒಬ್ಬೊಬ್ಬರೂ ಒಂದು ಕವಿತೆ ಬರೆದು ಓದಬೇಕು. ಯಾರೂ ಯಾರಿಗೂ ಸಲಹೆ ಕೊಡುವಂತಿಲ್ಲ. ಸಲಹೆಯಿಂದಲೇ ಹೊಟ್ಟೆ ಹೊರೆಯುವವರಿಗೆ ಕಠಿಣ ನಿಯಮ.

ಬೇರೆ ದಾರಿ ಇಲ್ಲದೆ ಸೇರಿದ್ದೇನೆ. ಶಿವಮೊಗ್ಗದಲ್ಲಿ ಇನ್ನೊಬ್ಬ ಮನೋವೈದ್ಯರ ಬಾಗಿಲಲ್ಲಿ ನನ್ನ ಕಾರು ನಿಂತರೆ ಸಂಜೆಯೊಳಗೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿಗೆ ಸುದ್ದಿ — ಡಾಕ್ಟ್ರಿಗೇ ತಲೆ ಕೆಟ್ಟಿದೆಯಂತೆ.

“ಗುರುಪ್ರಕಾಶ್, ನೀನೇನು ತಂದೀಯಪ್ಪ?”

“ಸರ್, ನನಗೆ ಮಾತ್ರೆ ಚೀಟಿ ಬರೆಯೋದಷ್ಟೇ ಗೊತ್ತು.”

“ಅದನ್ನೇ ಓದು. ಹೆಂಗೂ ಯಾರಿಗೂ ಅರ್ಥ ಆಗಲ್ಲ.”

ಚೌಕಗಳೆಲ್ಲ ನಕ್ಕವು. ನಾನೂ ನಕ್ಕೆ. ಬಹಳ ದಿನದ ಮೇಲೆ.

೬ ಫೆಬ್ರವರಿ

ರಮ್ಯಳ ಕೇಸ್‌ಶೀಟು ಮುಂದಿಟ್ಟುಕೊಂಡು ಕವಿತೆಗೆ ಕೂತೆ. ಎರಡು ವರ್ಷ, ಇಪ್ಪತ್ಮೂರು ಭೇಟಿ. ಪ್ರತಿಯೊಂದಕ್ಕೂ ತಾರೀಖು, ಡೋಸು, ನನ್ನ ಸಹಿ. ನವೆಂಬರ್ ೧೯ರ ಫೋನು ಮಾತ್ರ ಇಲ್ಲ.

ಅಂದೂ ಮಂಗಳವಾರ. ಸೊರಬದ ಕೋಣೆ. ಎದುರಿಗೆ ಪೇಷೆಂಟು, ಕಿವಿಯಲ್ಲಿ ನಾಗವೇಣಮ್ಮ. “ಬರೋ ವಾರ ಮದ್ವೆ ಡಾಕ್ಟ್ರೇ. ಗಂಡಿನ ಕಡೆ ಹೆಂಗಸ್ರು ಪೆಟ್ಟಿಗೆ ಬಿಚ್ಚಿ ಸೀರೆ ನೋಡ್ತಾರೆ. ಮಾತ್ರೆ ಸಿಕ್ರೆ ಮುಗೀತು ನಮ್ಮ ಕಥೆ. ಒಂದ್ ಹದಿನೈದು ದಿನ ನಿಲ್ಸಿದ್ರೆ ಏನಾರ ಆಗುತ್ತಾ?”

“ಏನೂ ಆಗಲ್ಲ, ನಿಲ್ಸಿ” ಎಂದೆ.

ಹೊರಗಿನಿಂದ ಬಂದ ವೈದ್ಯನಾಗಿದ್ದರೆ ಬೈಯುತ್ತಿದ್ದ. ನನಗೆ ಆ ಪೆಟ್ಟಿಗೆ ಗೊತ್ತು. ನಮ್ಮ ಅಕ್ಕನದನ್ನೂ ನಡುಮನೆಯಲ್ಲಿ ಹಾಗೇ ಬಿಚ್ಚಿದ್ದರು. ಕಾರಣ ಸರಿಯೆನಿಸಿತು. ಕ್ಯೂ ಉದ್ದವಿತ್ತು.

ಮದುವೆಯಾದ ಹದಿನಾರನೆಯ ದಿನ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು.

ಕವಿತೆ ಒಂದು ಸಾಲೂ ಆಗಲಿಲ್ಲ.

೧೬ ಫೆಬ್ರವರಿ, ಭಾನುವಾರ

ಆಯಿತು. ನಾಲ್ಕು ಸಾಲು. ಓದಿದೆ —

ಸೀರೆ ಹನ್ನೆರಡು, ರವಿಕೆ ಹನ್ನೆರಡು,
ಬೆರಳಗಲದ ಮಾತ್ರೆಗೆ ಜಾಗವಿರಲಿಲ್ಲ.
ಪೆಟ್ಟಿಗೆ ತವರಿಗೆ ಮರಳಿತು.
ಎಣಿಸಿದರು. ಎಲ್ಲ ಸರಿಯಿತ್ತು.

ಒಬ್ಬರು ಕನ್ನಡಕ ತೆಗೆದರು. ಆಮೇಲೆ ಚಪ್ಪಾಳೆ. “ಹಗುರ ಆಯ್ತೇನಪ್ಪ?” ಎಂದರು ಸರ್. ಆಯಿತು ಎಂದೆ. ಸುಳ್ಳು. ಆದರೂ ಚಪ್ಪಾಳೆ ರುಚಿಸಿತು. ಅದನ್ನೂ ಬರೆದಿಡುತ್ತೇನೆ.

ಮಧ್ಯಾಹ್ನ ಅವರದೇ ಫೋನು.

“ಸಲಹೆ ಅಲ್ಲ, ಒಂದು ಪ್ರಶ್ನೆ. ಜಾಗ ಇಲ್ಲ ಅಂತ ತೀರ್ಮಾನ ಮಾಡಿದ್ದು ಯಾರು?”

“ಸರ್, ಅದು... ಸಂಪ್ರದಾಯ.”

“ಹೂಂ. ಪೆಟ್ಟಿಗೆ ಇದೆ, ಸೀರೆ ಇದೆ, ಎಣಿಸಿದವ್ರು ಇದಾರೆ. ಡಾಕ್ಟ್ರೇ ಕಾಣ್ಸಲಿಲ್ಲ. ಅದಕ್ಕೆ ಕೇಳಿದೆ.” ಇಟ್ಟುಬಿಟ್ಟರು.

೧೭ ಫೆಬ್ರವರಿ

ಐದನೆಯ ಸಾಲು: ನಿಲ್ಲಿಸಿ ಎಂದವನು ನಾನು.

ಕವಿತೆ ಕೆಟ್ಟಿತು. ಹೊಡೆದು ಹಾಕಲು ನಾಲ್ಕು ಸಲ ಪೆನ್ನು ಎತ್ತಿದೆ. ಸಾಲು ಹಾಗೇ ಇದೆ.

೧೮ ಫೆಬ್ರವರಿ, ಮಂಗಳವಾರ

ಕಾರು ಕೆಟ್ಟಿದೆ ಎಂದು ಸೊರಬದ ಕ್ಲಿನಿಕ್ಕಿನಲ್ಲಿ ನಂಬರು ಕೂಗುವ ಬಂಗಾರಮ್ಮನಿಗೆ ಫೋನು ಮಾಡಿದೆ. ಕಾರು ಚೆನ್ನಾಗಿದೆ.

೨೫ ಫೆಬ್ರವರಿ, ಮಂಗಳವಾರ

ಇಂದು ನೆಗಡಿ ಎಂದೆ.

“ಕಾರಿಗೆ ಬಂದಿದ್ದೇ ನಿಮಗೂ ಅಂಟ್ಕಂತಾ ಡಾಕ್ಟ್ರೇ?” ಬಂಗಾರಮ್ಮನಿಗೆ ವಯಸ್ಸಾಗಿದೆ, ಹೆದರಿಕೆ ಇಲ್ಲ. “ಆ ನಾಗವೇಣಮ್ಮ ಹೋದ ವಾರನೂ ಬಂದು ಕೂತಿದ್ರು. ಇವತ್ತೂ ಕೂತಿದಾರೆ. ಡಾಕ್ಟ್ರು ಇಲ್ಲ ಅಂದ್ರೂ ಏಳಲ್ಲ. ಮನೆಗಿಂತ ಇಲ್ಲೇ ವಾಸಿ ಅಂತಾರೆ.”

೪ ಮಾರ್ಚ್, ಮಂಗಳವಾರ. ಸೊರಬ, ೧೨.೪೦

ಹೇಳಿದೆ. ನಾಗವೇಣಮ್ಮನ ಮುಂದೆ ಇಷ್ಟು ವರ್ಷದ ಮಾತುಗಾರಿಕೆ ಒಂದೂ ಉಪಯೋಗಕ್ಕೆ ಬರಲಿಲ್ಲ. ನಿಲ್ಲಿಸಬಾರದಿತ್ತು, ಅದು ನನಗೆ ಗೊತ್ತಿತ್ತು, ಕೇಳುವುದು ನಿಮ್ಮ ಹಕ್ಕು, ಬೇಡ ಎನ್ನುವುದು ನನ್ನ ಕೆಲಸ, ನಾನು ಮಾಡಲಿಲ್ಲ — ಒಂದೇ ಉಸಿರಿಗೆ.

ಅಳಲಿಲ್ಲ. ಬೈಯಲಿಲ್ಲ.

“ನಮ್ಮನೇರು ಹೊರಗೆ ಬೈಕಿನ ಹತ್ರ ಇದಾರೆ” ಎಂದರು. “ಮೂರು ತಿಂಗ್ಳಾತು, ನನ್ನ ಜೊತೆ ಒಂದ್ ಮಾತಾಡಿಲ್ಲ. ಕರ್ಕಂಡು ಬರ್ತಾರೆ, ಕರ್ಕಂಡು ಹೋಗ್ತಾರೆ. ತಟ್ಟೆ ಇಟ್ರೆ ಉಣ್ತಾರೆ. ಮಗಳನ್ನ ಕೊಂದೋಳು ಅಂತ ನೋಡ್ತಾರೆ.”

“ನನ್ನ ಕೇಳೇ ನಿಲ್ಸಿದ್ದು ಅಂತ ಹೇಳ್ಲಿಲ್ವಾ ಅಮ್ಮ?”

“ಹೆಂಗೆ ಹೇಳ್ಲಿ? ನಿಮ್ಮನ್ನ ಹೊಡ್ಯಕ್ಕೆ ಬರ್ತಾರೆ. ಸೊರಬಕ್ಕೆ ಬರೋ ಒಬ್ಬ ಡಾಕ್ಟ್ರು. ನೀವೂ ಬರೋದು ಬಿಟ್ರೆ ಉಳಿದೋರ ಮಕ್ಳಿಗೆ ಯಾರ‍್ರೀ?”

ಅವರು ಸೆರಗು ಸರಿಮಾಡಿಕೊಂಡರು.

“ಈಗ ನೀವೇ ಹೇಳಿ. ನಂಗೆ ಹೇಳಿದಂಗೇ ಹೇಳಿ.” ಕರೆಯಲು ಎದ್ದು ಹೋದರು.

ಹೊರಗೆ ಮೂವತ್ತು ಜನ ಇದ್ದಾರೆ. ಅವರ ಗಂಡ ಕೂಗಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ಕೋಣೆಗೆ ಒಂದೇ ಬಾಗಿಲು. ಮುಂದಿನ ನಂಬರು ಕೂಗಬೇಡಿ ಎಂದು ಬಂಗಾರಮ್ಮನಿಗೆ ಸನ್ನೆ ಮಾಡಿದೆ. ಗಂಡ-ಹೆಂಡತಿ ಬರುವವರೆಗೆ ಇದನ್ನು ಗೀಚುತ್ತಿದ್ದೇನೆ.

ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದು. ಎರಡು ಜೊತೆ. ಎದ್ದು ನಿಲ್ಲಬೇಕೋ, ಕೂತೇ ಇರಬೇಕೋ —