ಹಿಮದ ಎಕ್ಸ್‌ಪ್ರೆಸ್ಸಿಗೆ ಅರಿಶಿನ ಕುಂಕುಮ

ಫಾರೆಸ್ಟ್ ಲೇಕ್, ಬ್ರಿಸ್ಬೇನ್
೧೩ ಅಕ್ಟೋಬರ್ ೨೦೨೪

ಋತ್ವಿಕನ ತಾತನವರಿಗೆ ಇಂದಿರಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲ ಉತ್ತಮನ ಮಗಳ ಹಿಂದೆ ಓಡುವುದರಲ್ಲಿ ಮರೆತುಬಿಡುತ್ತೀರೋ? ನಾನು ಚೆನ್ನಾಗಿದ್ದೇನೆ. ನಿಕಿತಾ, ಅಳಿಯಂದಿರು ಕೆಲಸಕ್ಕೆ ಹೊರಟರೆ ಮನೆಗೆ ನಾನೇ ಯಜಮಾನಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿದರೆ ಇಡೀ ಪರ್ತ್‌ಗೆ ಕೇಳಿಸುತ್ತದೆ. ಮಗನಿಗೊಬ್ಬರು, ಮಗಳಿಗೊಬ್ಬರು ಎಂದು ಮಕ್ಕಳು ನಮ್ಮನ್ನು ಹಂಚಿಕೊಂಡು ಏಳು ತಿಂಗಳಾಯಿತು. ಗಂಡನಿಗೆ ಹೇಳುವ ಮಾತು ಊರಿಗೆಲ್ಲ ಯಾಕೆ?

ನೀವು ಮೊಮ್ಮಗನಿಗೆ ಕಳಿಸಿದ ಜಪಾನಿನ ರೈಲಿನ ಮಾಡೆಲ್ ತಲುಪಿತು. ಜೊತೆಗೆ ಅಸಲಿ ರೈಲಿನ ಸರ್ವಿಸ್ ಹಿಸ್ಟರಿ ಎಂದು ನಿಮ್ಮ ಕೈಬರಹದಲ್ಲಿ ನಾಲ್ಕು ಪುಟ! ರಿಟೈರ್ ಆಗಿ ಹತ್ತು ವರ್ಷವಾದರೂ ಲೋಕೋ ಶೆಡ್ಡಿನ ಫೋರ್‌ಮನ್ ಬುದ್ಧಿ ಹೋಗಿಲ್ಲ. ನಾಲ್ಕೂ ಪುಟ ಓದಿದೆ. ‘ಇಂದಿರಾ, ಹೇಗಿದ್ದೀಯ?’ ಎಂದು ಒಂದೇ ಒಂದು ಸಾಲು ಸಿಗಲಿಲ್ಲ. ಇರಲಿ ಬಿಡಿ.

ಶುಕ್ರವಾರ ಆಯುಧಪೂಜೆ. ಅದೇ ದಿನ ಋತ್ವಿಕ್ ಆ ರೈಲನ್ನು ಶಾಲೆಯಲ್ಲಿ ಓಡಿಸಿ ಅದರ ಕಥೆ ಹೇಳಬೇಕಿತ್ತು. ನಾನು ಸುಮ್ಮನಿರಬಾರದಿತ್ತೇ? ಬೆಳಿಗ್ಗೆ ಕಾರಿಗೆ ಪೂಜೆ ಮಾಡುವಾಗ ಪಕ್ಕದಲ್ಲೇ ರೈಲನ್ನೂ ಇಟ್ಟು, ಅದರ ಮೂತಿಗೂ ಗಾಲಿಗಳಿಗೂ ಅರಿಶಿನ ಕುಂಕುಮವನ್ನು ಕಲಸಿ ಧಾರಾಳವಾಗಿ ಮೆತ್ತಿದೆ. ಶಾಲೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಸ್ವಿಚ್ ಹಾಕಿದರೆ ರೈಲು ಮಿಸುಕಲಿಲ್ಲ. ‘ಅಜ್ಜಿ, ಇಟ್ಸ್ ಡೆಡ್!’ ಎಂದು ಹುಡುಗನ ಕಣ್ಣಲ್ಲಿ ನೀರು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆಗ ನಿಮ್ಮ ಎರಡನೇ ಪುಟದ ಅಂಚಿನ ಟಿಪ್ಪಣಿ ನೆನಪಾಯಿತು: ಮಾಡೆಲ್‌ಗೆ ಕರೆಂಟು ಹಳಿಯಿಂದ ಗಾಲಿಗೆ ಹತ್ತಬೇಕು. ಟೀಚರ್ ಕೊಟ್ಟ ಸ್ಯಾನಿಟೈಸರನ್ನು ಸೆರಗಿಗೆ ಸುರಿದುಕೊಂಡು ಒಂದೊಂದು ಗಾಲಿಯನ್ನೂ ತಿಕ್ಕಿದೆ. ಓಡಿತು ನೋಡಿ! ಸೀರೆ ಹಾಳಾಯಿತು, ಆದರೆ ಮಾನ ಉಳಿಯಿತು.

ಆಮೇಲೆ ಅವನು ಕಥೆ ಹೇಳಿದ. ಹಿಮದ ನಾಡಿಗೆಂದೇ ಮಾಡಿದ ರೈಲಂತೆ. ಅಲ್ಲಿಯ ಹಿಟ್ಟಿನಂಥ ಹಿಮ ಕರೆಂಟಿನ ಪೆಟ್ಟಿಗೆಗಳೊಳಗೆ ನುಗ್ಗಿ ಚಳಿಗಾಲ ಬಂದರೆ ಕೆಟ್ಟು ನಿಲ್ಲುತ್ತಿತ್ತಂತೆ. ಐದಾರು ವರ್ಷ ನೋಡಿ ದಕ್ಷಿಣಕ್ಕೆ ಕಳಿಸಿದರಂತೆ, ಅಲ್ಲಿ ಎಷ್ಟೋ ವರ್ಷ ಚೆನ್ನಾಗಿ ಓಡಿತಂತೆ. ‘ಗುಡ್ ಟ್ರೇನ್, ರಾಂಗ್ ಪ್ಲೇಸ್’ ಎಂದು ಮುಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಳು ಬಂತು. ಮಕ್ಕಳು ಪ್ರೀತಿಯಿಂದಲೇ ಮಾಡಿದ ಏರ್ಪಾಡು, ಇಲ್ಲವೆನ್ನುವುದಿಲ್ಲ. ಆದರೆ ನೀವಿಲ್ಲದೆ ನನಗೆ ಆಗುತ್ತಿಲ್ಲ ಕಣ್ರೀ. ಸಂಜೆ ನಿಕಿತಾಳಿಗೆ ಹಾಗೆಂದೇ ಹೇಳಿಬಿಟ್ಟೆ. ‘ಮೊದ್ಲೇ ಹೇಳೋದಲ್ವಾ ಅಮ್ಮಾ, ನಮಗೆ ಹೊಳೀಲೇ ಇಲ್ಲ’ ಎಂದು ತಬ್ಬಿಕೊಂಡಳು.

ಉತ್ತಮನಿಗೂ ಸೊಸೆ ಮಧುರಾಗೂ ನನ್ನ ಆಶೀರ್ವಾದ, ಪುಟ್ಟಿಗೆ ಮುತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ಇಂದಿರಾ

ಮರೆತಿದ್ದೆ: ನವೆಂಬರ್ ಎರಡಕ್ಕೆ ಅಡಿಲೇಡ್‌ಗೆ ಇಲ್ಲಿಂದ ನನಗೊಂದು, ಪರ್ತ್‌ನಿಂದ ನಿಮಗೊಂದು ಟಿಕೆಟ್ಟನ್ನು ನಿಕಿತಾ ಮಾಡಿಸಿದ್ದಾಳೆ. ಹತ್ತು ದಿನ, ನಾವಿಬ್ಬರೇ. ಅಲ್ಲಿ ರೈಲು ಮ್ಯೂಸಿಯಂ ಇದೆಯಂತೆ. ದಿನವೂ ಹೋಗಿ, ನಾನೂ ಬರುತ್ತೇನೆ. ಋತ್ವಿಕನನ್ನು ನೋಡಿಕೊಳ್ಳಲು ಇವಳು ರಜೆ ಹಾಕುತ್ತಾಳೆ. ಉತ್ತಮನಿಗೆ ನೀವೇ ಹೇಳಬೇಕು. ಬಾಯಿ ಬರದಿದ್ದರೆ ಈ ಕಾಗದವನ್ನು ಮರೆತವರ ಹಾಗೆ ಡೈನಿಂಗ್ ಟೇಬಲ್ ಮೇಲೆ ಬಿಟ್ಟು ವಾಕಿಂಗ್ ಹೋಗಿಬಿಡಿ.