ಮೂರನೇ ನಿಮಿಷಕ್ಕೆ ಹೊಡೆದ ಗಂಟೆ

ದೋಸ್ತ ರಜಾಕ,

ಐದು ನಿಮಿಷ ಯಾವ ಮನುಷ್ಯನೂ ಒಂದೇ ಸಮನೆ ಹೊಡೆದಾಡಲಾರ. ಮೊದಲಿನಿಂದಲೂ ನಾನು ಹೇಳುತ್ತ ಬಂದದ್ದು ಅದನ್ನೇ. ಮೂರು ನಿಮಿಷ ಆಟ, ಒಂದು ನಿಮಿಷ ದಮ್ಮು, ಮತ್ತೆ ಮೂರು ನಿಮಿಷ. ಎದೆಗೂಡು ಕೇಳುವ ಲೆಕ್ಕ ಅದು. ಐದು ನಿಮಿಷದ ಸುತ್ತು ಕಟ್ಟಿದವನು ಸ್ವತಃ ಎಂದೂ ಏಟು ತಿಂದವನಲ್ಲ, ನಾನು ಬರೆದುಕೊಡುತ್ತೇನೆ. ನೀನಿದ್ದಿದ್ದರೆ, "ಶೀಪ್ಯಾ, ಮತ್ತ ಸುರು ಮಾಡಿದೇನು?" ಎನ್ನುತ್ತಿದ್ದೆ. ಹೌದು, ಮಾಡಿದೆ. ಸುಮಿತ್ರಾ ಇದ್ದಾಗ ನನ್ನ ತಕರಾರುಗಳಲ್ಲಿ ಅರ್ಧವನ್ನು ಅವಳು ಚಹಾ ಸೋಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ಪೂರ್ತಿ ನಿನ್ನ ಪಾಲಿಗೆ ಬಂತು. ಈಗ ನೀನೂ ಇಲ್ಲ. ಇಷ್ಟೆಲ್ಲ ತಕರಾರು ಇಟ್ಟುಕೊಂಡು ನಾನು ಯಾರ ಮನೆಗೆ ಹೋಗಲಿ?

ಗಬ್ಬೂರ ಬೈಪಾಸಿನ ಮಗ್ಗುಲಲ್ಲಿ, ನಿನ್ನ ಗ್ಯಾರೇಜಿನ ಹಿಂದಿನ ಗೋದಾಮಿನಲ್ಲಿ ನೀನು ಬಾಕ್ಸಿಂಗ್ ರಿಂಗ್ ಕಟ್ಟಿದ್ದು ನೆನಪಿದೆಯೇ? ಮೂಲೆಯ ಕಂಬಗಳನ್ನು ನೀನೇ ವೆಲ್ಡ್ ಮಾಡಿದೆ. ಗಂಟೆಗೆಂದು ರೈಲು ಹಳಿಯ ಒಂದು ತುಂಡು ತಂದು ತೊಲೆಗೆ ತೂಗುಹಾಕಿದೆ, ಹಳ್ಳಿಯ ಸಾಲೆಗಳಲ್ಲಿ ಇರುತ್ತದಲ್ಲ, ಹಾಗೆ. ಸುಮಿತ್ರಾ ಹೋದ ತಿಂಗಳಲ್ಲಿ ನೀನು ಮನೆಗೆ ಬಂದವನು ಸಮಾಧಾನದ ಮಾತು ಒಂದೂ ಆಡಲಿಲ್ಲ. ನಟ್ಟು ಬಿಚ್ಚುವ ಒಂದು ದೊಡ್ಡ ಪಾನಾ ನನ್ನ ಕೈಯಲ್ಲಿಟ್ಟು, "ನಾಳಿಂದ ಗಂಟಿ ನೀನ ಹೊಡಿ. ಕೈಗಡಿಯಾರ ನಿನ್ನ ಹತ್ರ ಛಲೋ ಐತಿ" ಎಂದೆ. ಅವತ್ತಿನಿಂದ ನಾನು ಟೈಮ್‌ಕೀಪರ್. ಮೈಕಿನ ಕೆಲಸವೂ ನನ್ನದೇ ಆಯಿತು, ಇಡೀ ಗೋದಾಮಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಎಂದು. "ದಿ ಆನರೇಬಲ್ ಸ್ಪೆಕ್ಟೇಟರ್ಸ್ ಆರ್ ಹಿಯರ್‌ಬೈ ರಿಕ್ವೆಸ್ಟೆಡ್ ಟು…" ಎಂದು ಶುರುಮಾಡುತ್ತಿದ್ದೆ. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯುತ್ತಿತ್ತು. ಧಾರವಾಡದ ಕ್ಲಾಸಿನಲ್ಲಿ ಕಲಿತದ್ದು, ಮುಂದಿನದು ಎಂದೂ ನೆನಪಿಗೆ ಬರಲಿಲ್ಲ. ನೀನು ರಿಂಗಿನೊಳಗಿನಿಂದ ಕೂಗುತ್ತಿದ್ದೆ: "ಕುಂದರ್ರಿ ಎಲ್ಲಾರೂ!" ಕೂಡುತ್ತಿದ್ದರು.

ಆಗ ತಾಲೀಮಿನ ಹಿರಿಯ ಪೈಲ್ವಾನರು ಬಂದು ನಿನ್ನನ್ನು ಬೈದದ್ದೂ ನೆನಪಾಗುತ್ತದೆ. "ಕುಸ್ತಿ ನೋಡೂ ಮಂದೀನ ಕೆಡಿಸಿದಿ ರಜಾಕ. ಮಣ್ಣಿಲ್ಲ, ಹಿಡತ ಇಲ್ಲ, ಕೈಗೆ ತಲಿದಿಂಬು ಕಟಗೊಂಡು ಗುದ್ದಾಡೂದು ಒಂದು ಆಟೇನಲೇ?" ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು. ಈಗ ನನಗೆ ನಗು ಬರುತ್ತಿಲ್ಲ. ನಮ್ಮ ಮಂದಿಯನ್ನು ಈಗ ಕೇಜು ಕೆಡಿಸಿದೆ, ಸುತ್ತ ಜಾಳಿಗೆ ಕಟ್ಟಿದ ಆ ಕೇಜು. ಗುದ್ದುವುದೂ ಉಂಟು, ಒದೆಯುವುದೂ ಉಂಟು, ಕೆಳಗೆ ಕೆಡವಿ ಕುತ್ತಿಗೆ ಹಿಚುಕುವುದೂ ಉಂಟು. ಎಂಎಂಎ ಎನ್ನುತ್ತಾರೆ. ಬದನೆಕಾಯಿ ಪಲ್ಯಕ್ಕೆ ಹೆಸರುಕಾಳು ಹಾಕಿ, ಮೇಲೆ ಶಾವಿಗೆ ಸುರುವಿದ ಹಾಗೆ. ಇದನ್ನು ನೋಡಲು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹುಡುಗರು ಶಿಫ್ಟ್ ಬಿಟ್ಟು ಬೈಕಿನ ಮೇಲೆ ಮೂವರು ಮೂವರು ಬರುತ್ತಾರೆ. ಅದರಲ್ಲಿ ಏನು ಕಾಣುತ್ತದೆ ಅವರಿಗೆ?

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಲು ಬಂದ ಒಂದು ಮಧ್ಯಾಹ್ನ, ನಾನು ಒಳಗೆ ಕಾಲಿಟ್ಟ ಕೂಡಲೇ ನೀನು ಮಗಳು ಶಬಾನಾಳ ಮೊಬೈಲನ್ನು ಬೋರಲಾಗಿ ಹೊದಿಕೆಯ ಮೇಲಿಟ್ಟೆ. "ಏನ್ ನೋಡ್ಲಿಕ್ಕೆ ಹತ್ತೀದಿ?" ಎಂದರೆ, "ಕ್ರಿಕೆಟ್ಟೋ" ಎಂದೆ. ಕ್ರಿಕೆಟ್ಟಿನಲ್ಲಿ ಯಾರಾದರೂ "ಕಾಲು ಹಿಡಿ, ಕಾಲು ಹಿಡಿ" ಎಂದು ಕೂಗುತ್ತಾರೆಯೇ? ನನಗೆ ಗೊತ್ತಾಗಿತ್ತು. ಇವತ್ತು ಕೇಳುತ್ತೇನೆ: ನೀನೂ ಕೇಜಿನ ಕಡೆ ಹೋಗಿದ್ದೆಯಾ? ಅಥವಾ ಶಬಾನಾ ಏನು ಮಾಡಹೊರಟಿದ್ದಾಳೆ ಎಂದು ನೋಡುತ್ತಿದ್ದೆಯಾ? ಎರಡನೆಯದೇ ಇರಬೇಕು ಎಂದುಕೊಂಡು ನಾನು…

ಇರಲಿ. ಈ ಸಲ ಸಂಕ್ರಾಂತಿ ಕಳೆದ ಮೇಲೆ ನಿನ್ನ ಮಗಳು ಮನೆಗೆ ಬಂದಳು. ಬಂದವಳೇ ನೆಲದ ಮೇಲೆ ಕೂತಳು. ನೆಲದ ಮೇಲೆ ಕೂತರೆ ಅವಳಿಗೆ ಏನೋ ಕಠಿಣ ಮಾತು ಹೇಳುವುದಿರುತ್ತದೆ, ನಿನಗೆ ಗೊತ್ತಲ್ಲ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಹುಡುಗೂರು ಬರವಲ್ರು. ಬಂದಾವ್ರೂ ಕೇಜ್ ಎಲ್ಲೈತಿ ಅಂತ ಕೇಳತಾರ. ರಿಂಗಿನ ಜಾಗಾದಾಗ ಕೇಜ್ ಹಾಕಬೇಕಂತ ಮಾಡೇನಿ."

"ಅದು ನಿಮ್ಮ ಅಬ್ಬಾ ಕಟ್ಟಿದ್ದದವಾ."

"ಗೊತ್ತೈತ್ರಿ. ಅದಕ್ಕ ನಿಮ್ಮನ್ನ ಕೇಳಾಕ ಬಂದೇನಿ. ಒಂದ ದಿನಾ ಎರಡೂ ಆಟ ಇಡೋಣು. ಬಾಕ್ಸಿಂಗ್ ನಡದಾಗ ಮಂದಿ ಏಳದ ಕುಂತ್ರಂದ್ರ ರಿಂಗ್ ಇರಲಿ. ಎದ್ದು ಹೋದ್ರಂದ್ರ, ತೆಗಿ ಅಂತ ನೀವ ನಿಮ್ಮ ಬಾಯಿಲೆ ಅನಬೇಕು."

ಥೇಟ್ ನಿನ್ನ ಮಗಳು. ಬೇಡ ಎನ್ನಲು ಬರದಂಥ ಕರಾರು ಹಾಕುತ್ತಾಳೆ. ಆಗಲಿ ಎಂದೆ. ಮಂದಿ ಕೂಡುತ್ತಾರೆ ಎಂಬ ಧೈರ್ಯ ನನಗಿತ್ತು.

ಆ ದಿನ ಗೋದಾಮಿಗೆ ಹೋದಾಗ ಬಾಡಿಗೆಯ ಕೇಜು ನಿನ್ನ ರಿಂಗಿನ ಮಗ್ಗುಲಲ್ಲೇ ನಿಂತಿತ್ತು. ಹೊಸ ಬೀಗರ ಹಾಗೆ ಥಳಥಳ ಹೊಳೆಯುತ್ತಿತ್ತು. ಮಂದಿ ತುಂಬಿದ್ದರು. ಹೊರಗೆ ಚುರುಮುರಿ ಕಲಸಿಕೊಡುವ ಗಿರಮಿಟ್ಟಿನ ಗಾಡಿಯೂ ಬಂದಿತ್ತು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮೈಕ್ ಹಿಡಿದೆ. "ದಿ ಆನರೇಬಲ್ ಸ್ಪೆಕ್ಟೇಟರ್ಸ್ ಆರ್ ಹಿಯರ್‌ಬೈ ರಿಕ್ವೆಸ್ಟೆಡ್ ಟು…" ಎಂದೆ. ನಿಂತೆ. ರಿಂಗಿನೊಳಗಿನಿಂದ ಯಾರೂ ಏನೂ ಅನ್ನಲಿಲ್ಲ. ಮಂದಿ ನನ್ನ ಮೋರೆ ನೋಡಿದರು. ಇಷ್ಟು ವರ್ಷ ಆ ವಾಕ್ಯ ಅರ್ಧದ್ದೆಂದು ಯಾರಿಗೂ ತಿಳಿದಿರಲಿಲ್ಲ, ರಜಾಕ. ಅಷ್ಟರಲ್ಲಿ ಹಿಂದಿನಿಂದ ಶಬಾನಾ ಕೂಗಿದಳು: "ಕುಂದರ್ರಿ ಎಲ್ಲಾರೂ!" ನಿನ್ನದೇ ಗಂಟಲು. ನಾನು ಮೈಕನ್ನು ಬೇರೆಯವರ ಕೈಗೆ ಕೊಟ್ಟು ಕೂತುಬಿಟ್ಟೆ.

ಮೊದಲು ಬಾಕ್ಸಿಂಗ್. ನಮ್ಮ ಹುಡುಗರು ಚೆನ್ನಾಗಿ ಆಡಿದರು, ಸುಳ್ಳು ಹೇಳುವುದಿಲ್ಲ. ಆದರೆ ಮಂದಿ ಮೊಬೈಲ್ ನೋಡುತ್ತಿದ್ದರು. ಎರಡನೇ ಆಟಕ್ಕೆ ಒಬ್ಬೊಬ್ಬರೇ ಗಿರಮಿಟ್ಟಿಗೆ ಎದ್ದರು. ಕೊನೆಯ ಆಟದಲ್ಲಾದರೂ ಮರ್ಯಾದೆ ಉಳಿಯಬಹುದಿತ್ತು, ಅದನ್ನು ನಮ್ಮವರೇ ಕೆಡಿಸಿದರು. ಮೂರು ಸುತ್ತೂ ಹಿಂದೆ ಹಿಂದೆ ಸರಿದು ಹಗ್ಗಕ್ಕೆ ಆತುಕೊಂಡಿದ್ದವನ ಕೈಯನ್ನು ಎತ್ತಿದರು! ಮೂವರು ತೀರ್ಪುಗಾರರಲ್ಲಿ ಇಬ್ಬರಿಗೆ ಅದ್ಯಾವ ಕನ್ನಡಕವೋ. ಮಂದಿ ಸೀಟಿ ಹೊಡೆದರು. ನನ್ನ ಪಕ್ಕದಲ್ಲಿ ಫ್ಯಾಕ್ಟರಿಯ ಖಾಕಿ ಅಂಗಿಯ ಒಬ್ಬ ಕೂತಿದ್ದ. ಅವನು ನನ್ನ ಕಡೆ ವಾಲಿ, "ಅಜ್ಜಾರ, ನಿಮ್ಮ ಆಟದಾಗ ಯಾರು ಗೆದ್ರು ಅಂತ ಮೂರು ಮಂದಿ ಕುಂತು ಹೇಳಬೇಕು. ಕೇಜಿನಾಗ ಸೋತಾಂವನ ಕೈಲೆ ತಟ್ಟಿ ಸೋತೆ ಅಂತ ಹೇಳತಾನ್ರಿ" ಎಂದ.

"ಅಲ್ಲೂ ಮೂರು ಮಂದಿ ಕುಂತಿರ್ತಾರಪಾ" ಎಂದೆ.

"ಇರ್ತಾರ್ರಿ. ಆದ್ರ ಅವರ ತನಕಾ ಹೋಗೂದು ಎಲ್ಲಾ ಸಲಾ ಇಲ್ಲಲ್ರಿ."

ನೀನೂ ನಾನೂ ಟಿವಿ ಮುಂದೆ ಕೂತು ಎಷ್ಟು ವರ್ಷ ಇದನ್ನೇ ಬೈಯಲಿಲ್ಲ? ಒಂದೇ ತೂಕಕ್ಕೆ ನಾಲ್ಕು ಬೆಲ್ಟು, ನಾಲ್ಕು ಚಾಂಪಿಯನ್ನರು, ಒಬ್ಬರ ಎದುರು ಒಬ್ಬರು ಬರುವುದೇ ಇಲ್ಲ. ಬರುವ ಹೊತ್ತಿಗೆ ಇಬ್ಬರಿಗೂ ತಲೆ ನೆರೆತಿರುತ್ತದೆ. ಮಂದಿ ಎಷ್ಟು ದಿನ ಕಾಯಬೇಕು? ಅವರು ಬಿಟ್ಟು ಹೋದದ್ದಕ್ಕೆ ನನಗೆ ಸಿಟ್ಟು. ಬಿಟ್ಟು ಹೋಗುವ ಹಾಗೆ ಮಾಡಿದವರ ಮೇಲೆ ಇನ್ನೂ ಸಿಟ್ಟು. ಎರಡೂ ಸಿಟ್ಟನ್ನು ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಉಂಡದ್ದು ಕರಗುವುದಿಲ್ಲ.

ಕೇಜಿನ ಮುಖ್ಯ ಆಟಕ್ಕೆ ಮಂಜುಳಾ ಇಳಿದಳು. ಹೆಬ್ಬಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳಲ್ಲ, ನಿನ್ನ ಎಡಗೈ ಹುಡುಗಿ, ಅವಳೇ. ಅವಳೂ ಅತ್ತ ಹೋಗಿದ್ದಾಳೆ. ನಾನು ಎದ್ದು ಹೊರಡುವವನಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಶಟರ್ ಎತ್ತಿದ್ದರಿಂದ ಬೆಳಕಿಗೆ ತೊಂದರೆಯಿರಲಿಲ್ಲ. ಶಬಾನಾ ಓಡಿ ಬಂದಳು: "ಕಾಕಾ, ಬಜರ್ ಸತ್ತೈತಿ. ಅಬ್ಬಾನ ಗಂಟಿ ಹೊಡೀರಿ. ಐದು ನಿಮಿಷ, ನೆಪ್ಪಿರಲಿ." ಐದು ಎಂದು ಎರಡು ಸಲ ಹೇಳಿದಳು. ನಾನೂ ಐದು ಎಂದೆ. ಪಾನಾ ಕೈಗೆ ತೆಗೆದುಕೊಂಡೆ.

ಆಟ ನೋಡಬಾರದೆಂದು ಗಡಿಯಾರವನ್ನೇ ನೋಡುತ್ತಿದ್ದೆ, ಆದರೂ ಕಣ್ಣು ಹೋಯಿತು. ಎದುರಿಗಿದ್ದ ಬೆಳಗಾವಿಯ ಹುಡುಗಿ ಎತ್ತರ, ಗಟ್ಟಿಗಿತ್ತಿ. ಮಂಜುಳಾ ಅವಳಿಗೆ ಎಡಗೈಯ ಎರಡು ಕೊಟ್ಟು, ಕೆಳಗೆ ಕೆಡವಿ, ತೋಳನ್ನು ತನ್ನ ಎದೆಗೆ ಎಳೆದುಕೊಂಡು ತಿರುವುತ್ತಿದ್ದಳು. ಬೆಳಗಾವಿಯವಳ ಇನ್ನೊಂದು ಕೈ ತಟ್ಟಲು ಮೇಲೆದ್ದಿತು. ಮಂದಿಯೆಲ್ಲ ಎದ್ದು ನಿಂತರು. ಆಗ ಗಂಟೆ ಹೊಡೆಯಿತು. ನಾನು ಹೊಡೆದೆ. ಸೆಕೆಂಡಿನ ಮುಳ್ಳು ಮೂರನೇ ಸುತ್ತು ಮುಗಿಸಿತ್ತು, ಕೈ ನನ್ನನ್ನು ಕೇಳಲೇ ಇಲ್ಲ. ಆ ಹಳಿಯ ದನಿ ಕೇಳಿದ ಕೂಡಲೇ ಮಂಜುಳಾ ಹಿಡಿದ ತೋಳು ಬಿಟ್ಟು ಎದ್ದು ನಿಂತಳು. ಬೆಳಗಾವಿಯವಳು ಮಲಗಿದಲ್ಲೇ ಕಣ್ಣು ಪಿಳಿಪಿಳಿ ಬಿಟ್ಟಳು.

"ಏ ಅಜ್ಜಾ, ಸಾಲಿ ಬಿಡ್ತೇನ?" ಎಂದು ಯಾವನೋ ಕೂಗಿದ. ಗೋದಾಮು ತುಂಬ ನಗು. ಇನ್ನೊಬ್ಬ, "ಮನೀಗೆ ಕಳಸ್ರಿ ಆ ಮುದುಕಪ್ಪನ್ನ!" ಎಂದ. ಅದಕ್ಕೂ ನಕ್ಕರು. ರೆಫರಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮತ್ತೆ ಶುರುಮಾಡಿಸಿದ. ಉಳಿದ ಎರಡು ನಿಮಿಷದಲ್ಲಿ ಮಂಜುಳಾ ದಣಿದಳು. ಬೆಳಗಾವಿಯವಳು ಹಿಂದಿನಿಂದ ಕುತ್ತಿಗೆಗೆ ಕೈ ಹಾಕಿದಳು. ತಟ್ಟಿದ್ದು ನಮ್ಮ ಹುಡುಗಿ.

ನಾನು ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಅವಳು ಕುತ್ತಿಗೆಗೆ ಐಸಿನ ಚೀಲ ಒತ್ತಿಕೊಂಡು ನಿನ್ನ ಹಳೆಯ ಟೈರುಗಳ ಮೇಲೆ ಕೂತಿದ್ದಳು.

"ಯಾಕ ಬಿಟ್ಟಿವಾ? ಇನ್ನೊಂದು ಉಸರು ಹಿಡದಿದ್ರ ಅಕಿ ತಟ್ಟತಿದ್ಲು."

"ಗಂಟಿ ಆತಲ್ರಿ ಕಾಕಾ."

"ತಪ್ಪು ಗಂಟಿ ಅದು!"

"ಗಂಟಿ ಅಂದ್ರ ಗಂಟೀರಿ. ಗಂಟಿ ಆದಮ್ಯಾಲ ಒಂದ ಏಟು ಹೊಡದ್ರ ಉಸ್ತಾದ್ರು ಗ್ಯಾರೇಜಿನ ಕಸಾ ಹೊಡ್ಯಾಕ ಹಚ್ಚತಿದ್ರು. ಮಳಗಾಲ ಪೂರ್ತಿ ಹೊಡದೇನಿ ನಾ." ಅವಳು ನಕ್ಕಳು. ನಗುವಾಗ ಕುತ್ತಿಗೆ ನೋಯಿತೇನೋ, ಮುಖ ಹಿಂಡಿದಳು. "ಕೈ ತಾನ ಬಿಡ್ತರಿ."

ನನ್ನ ಕೈ ತಾನೇ ಹೊಡೆಯಿತು, ಅವಳ ಕೈ ತಾನೇ ಬಿಟ್ಟಿತು. ಇಬ್ಬರ ಕೈಯನ್ನೂ ಹಾಗೆ ಮಾಡಿಟ್ಟು ಹೋದವನು ನೀನು. ಅಷ್ಟು ಮಂದಿ ಅಲ್ಲಿದ್ದರು. ಗೆಲುವು ಕೈಯಲ್ಲಿದ್ದಾಗ ಗಂಟೆಗೆ ಬಿಟ್ಟುಕೊಟ್ಟ ಹುಡುಗಿಗೆ ಒಬ್ಬನಾದರೂ ಚಪ್ಪಾಳೆ ತಟ್ಟಿದನೇ? ಇಲ್ಲ. ಆದರೆ ಬಾಕ್ಸಿಂಗಿನ ಮಂದಿ ಇದ್ದಿದ್ದರೆ ತಟ್ಟುತ್ತಿದ್ದರು ಎನ್ನಲು ಹೊರಟೆ… ಅವರು ಹೊರಗೆ ಗಿರಮಿಟ್ ತಿನ್ನುತ್ತಿದ್ದರು.

ಶಬಾನಾ ಕರಾರನ್ನು ಎತ್ತಲೇ ಇಲ್ಲ. ಹೋದ ವಾರ ನಾನೇ ಹೋದೆ. ರಿಂಗಿನ ಹಗ್ಗ ಹಿಡಿದು ನಿಂತು, "ತಗಿಯವಾ" ಎಂದೆ. ನನ್ನ ಬಾಯಿಂದಲೇ ಅಂದೆ. ಅವಳು ತೊಲೆಯ ಕಡೆ ನೋಡಿ, "ರಿಂಗ್ ತಗೀತೇನ್ರಿ ಕಾಕಾ. ಗಂಟಿ ತಗಿಯೂದಿಲ್ಲ" ಎಂದಳು. ಮೊನ್ನೆ ಕಂಬ ಬಿಚ್ಚಿದರು. ನಿನ್ನ ವೆಲ್ಡಿಂಗ್ ಸುಲಭಕ್ಕೆ ಬಿಡಲಿಲ್ಲ, ಬಿಚ್ಚಲು ಬಂದವರು ನಿನಗೆ ಬೈದುಕೊಂಡರು. ಅಷ್ಟಾದರೂ ನನಗೆ ತೃಪ್ತಿ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಬೆಳಗಾವಿಯವರು ಮಂಜುಳಾಳ ಜೊತೆ ಇನ್ನೊಮ್ಮೆ ಆಡಲು ಒಪ್ಪಿದ್ದಾರೆ, ಇಲ್ಲೇ, ನಿನ್ನ ಗೋದಾಮಿನಲ್ಲೇ. ಬಜರ್ ಬೇಡ, ಹಳಿಯ ಗಂಟೆಯೇ ಬೇಕು, ಕಾಕಾನೇ ಹೊಡೆಯಬೇಕು ಎಂದು ಮಂಜುಳಾ ಹಟ ಹಿಡಿದಿದ್ದಾಳಂತೆ. ನಾನು ಬೇಡ ಎಂದೆ. "ಮತ್ತ ಮೂರಕ್ಕ ಹೊಡದ್ರ ಮತ್ತ ಬಿಡತೇನ್ರಿ. ಅದರಾಗೇನೈತಿ?" ಎಂದಳು ಫೋನಿನಲ್ಲಿ. ಹೀಗೆ ಅಂದರೆ ಮನುಷ್ಯ ಒಪ್ಪದೆ ಏನು ಮಾಡಬೇಕು?

ಅದಕ್ಕೇ ದಿನಾ ಸಂಜೆ ಕಿಟಕಿಯ ಹತ್ತಿರ ಕೂತು ರೂಢಿ ಮಾಡುತ್ತಿದ್ದೇನೆ. ಸುಮಿತ್ರಾ ಹಿಟ್ಟು ನಾದುತ್ತಿದ್ದ ಹಿತ್ತಾಳೆಯ ಪರಾತವನ್ನು ಗೋಡೆಗೆ ಆನಿಸಿ, ಗಡಿಯಾರ ಮುಂದಿಟ್ಟುಕೊಂಡು, ಕೈಯಲ್ಲಿ ಪಾನಾ. ಪ್ರತಿ ಸಲವೂ ಮೂರಕ್ಕೇ ಹೊಡೆಯುತ್ತೇನೆ. ಪಕ್ಕದ ಮನೆಯವರು, "ಕಾಕಾ, ಸಂಜೀ ಆರತೀ ಏನ್ರಿ?" ಎನ್ನುತ್ತಾರೆ. ಸಾಕಾಗಿ ನಿನ್ನೆ ಪಾನಾ ಕೆಳಗಿಟ್ಟು, ಸಿಟ್ಟಿಗೆ ಪೆನ್ನು ತೆಗೆದುಕೊಂಡು ನಿನಗೆ ಬರೆಯಲು ಕೂತೆ. ಮೂರು ನಿಮಿಷ ಯಾವಾಗ ದಾಟಿತೋ ತಿಳಿಯಲಿಲ್ಲ. ಬರೆಯುವ ಕೈ ಗಂಟೆಗೆ ಹೋಗುವುದಿಲ್ಲ ರಜಾಕ. ಅವತ್ತೂ ಮಡಿಲಲ್ಲಿ ಕಾಗದ ಇಟ್ಟುಕೊಂಡೇ ಕೂಡುತ್ತೇನೆ. ಮಂದಿ ನಗಲಿ. ಐದು ಆಗುವವರೆಗೂ ನನ್ನ ಗಂಟೆಯಿಂದಾಗಿ ನಿನ್ನ ಹುಡುಗಿಯ ಹಿಡಿತ ಸಡಿಲುವುದಿಲ್ಲ, ಇದು ನನ್ನ ಮಾತು.

ಈ ಪ್ಯಾರಾ ಶುರುವಾದಾಗ ಒಂದು ಸುತ್ತು ಶುರುಮಾಡಿದ್ದೇನೆ. ಎರಡು ದಾಟಿತು. ಮೂರೂ ದಾಟಿತು, ನೋಡು, ಪಾನಾ ನೆಲದ ಮೇಲೇ ಇದೆ. ಐದು ನಿಮಿಷ ಬಹಳ ಉದ್ದ, ಈಗಲೂ ಹೇಳುತ್ತೇನೆ. ನಾಲ್ಕಾಯಿತು ಅನ್ನಿಸುತ್ತದೆ, ಸೆಕೆಂಡಿನ ಮುಳ್ಳು ಎಲ್ಲಿದೆಯೋ… ಕಾಣುತ್ತಿಲ್ಲ. ಕಿಟಕಿಯ ಬೆಳಕು ಹೋಯಿತು.