ಮಡಚದ ತೋಳು

ಅಣ್ಣಾ,

ನೀನು ಹೋದ ಮೇಲೆ ನಾನು ಮಾನಸಿಕ ಆಸ್ಪತ್ರೆಯಲ್ಲಿ ಆಯಾ ಆದೆ, ನಗಬೇಡ. ಸೋಮವಾರ ಒಬ್ಬ ಅಜ್ಜಿಗೆ ಬಟ್ಟೆ ಬದಲಿಸಲು ಹೋದರೆ ತೋಳು ಮಡಚಲೇ ಇಲ್ಲ. ಜ್ವರದಲ್ಲಿ ಮೈ ಸುಡುತ್ತಿತ್ತು. ಹೊಸ ಇಂಜೆಕ್ಷನ್ ಶುರುವಾಗಿ ಮೂರೇ ದಿನ.

“ಹಠ ಮಾಡ್ತಾರೆ, ಬಿಡಿ ಅಕ್ಕಾ,” ಎಂದಳು ನರ್ಸ್.

“ಹಠ ಅಲ್ಲಮ್ಮಾ, ಔಷಧೀನೇ ತಿರುಗಿಬಿದ್ದಿದೆ. ಡಾಕ್ಟರನ್ನ ಕರಿ!” ಎಂದು ವಾರ್ಡೇ ಬೆಚ್ಚುವಂತೆ ಕೂಗಿದೆ.

ಡಾಕ್ಟರು ಓಡಿ ಬಂದು ಔಷಧಿ ನಿಲ್ಲಿಸಿ, ಐಸಿಯುಗೆ ಸೇರಿಸಿದರು. ಔಷಧಿಯಿಂದ ಹೀಗಾಗುವುದು ತೀರಾ ಅಪರೂಪವಂತೆ, ತಡವಾದರೆ ಜೀವಕ್ಕೇ ಕುತ್ತಂತೆ. ಇವತ್ತು ಅಜ್ಜಿ ಎದ್ದು ಕೂತು, “ತಲೆ ಬಾಚೇ, ಸೋಮಾರಿ,” ಎಂದು ನನ್ನನ್ನೇ ಗದರಿದರು. ಎಷ್ಟು ಖುಷಿಯಾಯಿತು ಗೊತ್ತಾ?

“ನಿಮಗೆ ಹೇಗೆ ಗೊತ್ತಾಯ್ತು?” ಎಂದು ಡಾಕ್ಟರು ಕೇಳಿದರು.

“ನಮ್ಮಣ್ಣನಿಗೂ ಹೀಗೇ ಆಗಿತ್ತು,” ಎಂದೆ. ಆ ದಿನ ನಿನಗೆ ಅಂಗಿ ತೊಡಿಸುತ್ತ, ಹಠ ಮಾಡ್ತೀಯಾ ಎಂದು ನಾನು ಬೈದದ್ದನ್ನು ಹೇಳಲಿಲ್ಲ.

ನಿನ್ನ ತಂಗಿ